ನೆಲ ನೋಡಿ ರೈಫಲ್ ಆರಿಸಿದ ಬಗೆ: ಶ್ರಾಪ್‌ಶೈರ್‌ನ ಕುರಿ ಹುಲ್ಲುಗಾವಲಿನಲ್ಲಿ ನರಿ ಕಾವಲು

ನಮಸ್ಕಾರ. ಈಗ ನಿಮ್ಮ ಕಣ್ಣ ಮುಂದಿರುವುದು ಇಂಗ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ವೇಲ್ಸ್ ಗಡಿಗೆ ತಾಗಿಕೊಂಡಿರುವ ಶ್ರಾಪ್‌ಶೈರ್‌ನ ಒಂದು ಇಳಿಜಾರು ಹುಲ್ಲುಗಾವಲು. ಫೆಬ್ರುವರಿ ಮುಗಿಯುತ್ತ ಬಂದಿದೆ. ಇನ್ನು ಇಪ್ಪತ್ತು ದಿನಗಳಲ್ಲಿ ಇಲ್ಲಿಯ ಕುರಿಗಳು ಈಯಲು ಆರಂಭಿಸುತ್ತವೆ. ಕಳೆದ ಐದು ವರ್ಷಗಳಿಂದ ಕುರಿ ಈಯುವ ಕಾಲದಲ್ಲಿ ಪಕ್ಕದ ಜಮೀನಿನ ಯಜಮಾನರಿಗೆ ನಾನು ರಾತ್ರಿ ಪಾಳಿಯ ಕೆಲಸದಲ್ಲಿ ನೆರವಾಗುತ್ತಿದ್ದೇನೆ, ನರಿಯ ಕಾವಲೂ ಆ ಪಾಳಿಗೆ ಸೇರಿದ ಹೊಣೆ. ಆ ಕಾವಲಿಗೆ ತಕ್ಕ ರೈಫಲ್ಲನ್ನು ಆರಿಸಿಕೊಂಡ ಬಗೆಯನ್ನು ಇಂದು ವಿವರವಾಗಿ ಹೇಳಬೇಕೆಂದಿದ್ದೇನೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಇಲ್ಲಿಯದು ಐದರಿಂದ ಏಳು ಕಿಲೋ ತೂಗುವ ಕೆಂಪು ನರಿ. ನಮ್ಮ ಉತ್ತರ ಕರ್ನಾಟಕದ ಬಯಲಿನಲ್ಲಿ ಕಾಣುವ ಚಿಕ್ಕ ನರಿ ಬೇರೆಯೇ ಜಾತಿಯದು. ಅದು ಇಲಿ, ಹುಳು, ಹಣ್ಣುಗಳನ್ನು ತಿಂದು ಬದುಕುತ್ತದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಈ ವಿಡಿಯೊದಲ್ಲಿ ನಾನು ಹೇಳುವ ಯಾವ ಮಾತೂ ಅದಕ್ಕೆ ಅನ್ವಯಿಸುವುದಿಲ್ಲ. ಬೆಳಗ್ಗೆ ಎದ್ದು ನರಿಯ ಮುಖ ನೋಡಿದರೆ ಅದೃಷ್ಟ ಎಂದು ನಂಬುವ ಮನೆಯಲ್ಲಿ ಬೆಳೆದ ನನಗೆ, ನರಿಯ ಮೇಲೆ ಗುಂಡು ಹಾರಿಸುವ ಕೆಲಸವನ್ನು ಒಪ್ಪಿಕೊಳ್ಳಲು ಎರಡು ವರ್ಷ ಬೇಕಾಯಿತು.

ಸತ್ತ ಮರಿಯೊಂದು ಕಂಡ ಕೂಡಲೇ ತಪ್ಪನ್ನು ನರಿಯ ತಲೆಗೆ ಕಟ್ಟುವುದು ಸುಲಭ. ಯಜಮಾನರು ನನ್ನ ಕೈಗೆ ಮೊದಲು ಕೊಟ್ಟದ್ದು ಚಾಕು. ಹಲ್ಲು ನಾಟಿದ ಜಾಗದಲ್ಲಿ ಚರ್ಮ ಬಿಡಿಸಿ ನೋಡಿದಾಗ ಒಳಗೆ ರಕ್ತ ಹರಡಿ ಕಪ್ಪುಗಟ್ಟಿದ್ದರೆ, ಕಚ್ಚುವಾಗ ಮರಿಗೆ ಜೀವವಿತ್ತು. ಮಾಂಸ ಬಿಳಿಚಿಕೊಂಡೇ ಇದ್ದರೆ ನರಿ ತಿಂದದ್ದು ಅದಾಗಲೇ ಸತ್ತು ಬಿದ್ದಿದ್ದ ಮರಿಯನ್ನು. ಶ್ವಾಸಕೋಶದ ತುಂಡು ನೀರಿನಲ್ಲಿ ಮುಳುಗಿದರೆ ಆ ಮರಿ ಉಸಿರನ್ನೇ ಎಳೆದಿರಲಿಲ್ಲ. ಹುಟ್ಟುವಾಗ ಗೊರಸಿನ ತುದಿಗಿರುವ ಮೆತ್ತನೆಯ ಹೊದಿಕೆ ಸವೆಯದೆ ಉಳಿದಿದ್ದರೆ ಅದು ಎದ್ದು ನಡೆದಿರಲಿಲ್ಲ. ಹೊಟ್ಟೆಯಲ್ಲಿ ಹಾಲಿಲ್ಲದಿದ್ದರೆ ಹಸಿವೂ ಚಳಿಯೂ ಸೇರಿ ಅದನ್ನು ಕೊಂದಿರುವ ಸಂಭವವೇ ಹೆಚ್ಚು. ಮೊದಲ ವರ್ಷ ನಾವು ಹೀಗೆ ಬಿಡಿಸಿ ನೋಡಿದ ಹನ್ನೊಂದು ಮರಿಗಳಲ್ಲಿ ನರಿ ಕೊಂದದ್ದು ಎರಡನ್ನು. ಆ ಎರಡಕ್ಕಾಗಿ ಕಾವಲು ಬೇಕೇ ಬೇಕು, ಆದರೆ ಉಳಿದ ಒಂಬತ್ತು ಮರಿಗಳನ್ನು ಯಾವ ರೈಫಲ್ಲೂ ಉಳಿಸುತ್ತಿರಲಿಲ್ಲ.

ಹೀಗಾಗಿ ನಮ್ಮ ಕಾವಲು ಶುರುವಾಗುವುದು ಕೊಟ್ಟಿಗೆಯಿಂದ. ಚೊಚ್ಚಲ ಕುರಿಗಳನ್ನೂ ಅವಳಿ ಹೊತ್ತ ಕುರಿಗಳನ್ನೂ ಒಳಗೇ ಈಯಿಸಿ, ಮರಿ ಗಟ್ಟಿಯಾಗಿ ನಿಂತು ತಾಯಿಯ ಮೊಲೆ ಹಿಡಿದ ಮೇಲಷ್ಟೇ ಹೊರಗೆ ಬಿಡುತ್ತೇವೆ. ಹುಲ್ಲುಗಾವಲಿನಲ್ಲಿ ಬಿದ್ದ ಮಾಸು ನರಿಯನ್ನು ದೂರದಿಂದಲೇ ಸೆಳೆಯುವುದರಿಂದ ಅದನ್ನು ದಿನವೂ ಆಯ್ದು ತೆಗೆಯುತ್ತೇವೆ. ಸತ್ತ ಕುರಿಯನ್ನು ಜಮೀನಿನಲ್ಲಿ ಹೂಳುವುದಕ್ಕೂ ಹಾಗೆಯೇ ಬಿಡುವುದಕ್ಕೂ ಇಲ್ಲಿ ಕಾನೂನಿನ ಅನುಮತಿಯಿಲ್ಲ. ಪರವಾನಗಿ ಪಡೆದವರು ಬಂದು ಒಯ್ಯುತ್ತಾರೆ. ಮರಿಗಳಿರುವ ಕೆಳಗಿನ ಹುಲ್ಲುಗಾವಲಿಗೆ ವಿದ್ಯುತ್ ಬೇಲಿಯಿದೆ, ಅದರ ಬುಡದ ಹುಲ್ಲನ್ನು ಕತ್ತರಿಸುತ್ತಿರದಿದ್ದರೆ ಆ ಬೇಲಿ ಇದ್ದೂ ಇಲ್ಲದಂತೆ.

ಇಷ್ಟಾದ ಮೇಲೂ ಬರುವ ನರಿಗೆ ಉಳಿಯುವ ದಾರಿ ಗುಂಡು. ನಾಯಿಗಳ ಹಿಂಡಿನಿಂದ ನರಿಯನ್ನು ಅಟ್ಟಿಸಿ ಕೊಲ್ಲಿಸುವುದನ್ನು 2004ರ ಕಾಯ್ದೆ ಇಂಗ್ಲೆಂಡಿನಲ್ಲೂ ವೇಲ್ಸ್‌ನಲ್ಲೂ ನಿಷೇಧಿಸಿತು. ವಿಷವಿಡುವಂತಿಲ್ಲ, ಬಿಲಕ್ಕೆ ಅನಿಲ ಬಿಡುವಂತಿಲ್ಲ. ಗಡಿಯಾಚೆಯ ವೇಲ್ಸ್ 2023ರಲ್ಲಿ ಉರುಳುಗಳನ್ನೂ ನಿಷೇಧಿಸಿದೆ, ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಉರುಳಿಗೆ ಬೀಳುವುದು ನರಿಯೋ, ಬ್ಯಾಡ್ಜರ್ ಎಂಬ ಬಿಲವಾಸಿ ಕಾಡುಪ್ರಾಣಿಯೋ, ಸಾಕುಬೆಕ್ಕೋ ಎಂಬುದನ್ನು ಉರುಳು ನೋಡುವುದಿಲ್ಲ.

ನಾನು ಕೊಡಗಿನವನು. ಅಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ, ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಇಲ್ಲಿಯ ಕ್ರಮ ಪೂರ್ತಿ ಬೇರೆ. ರೈಫಲ್ ಬೇಕೆಂದರೆ 1968ರ ಕಾಯ್ದೆಯ ಪ್ರಕಾರ ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಏಕೆ ಬೇಕು ಎಂಬುದಕ್ಕೆ ತಕ್ಕ ಕಾರಣ ತೋರಿಸಬೇಕು. ವೈದ್ಯರ ಮಾಹಿತಿ ಹೋಗುತ್ತದೆ, ಅಧಿಕಾರಿ ಮನೆಗೆ ಬಂದು ಗೋಡೆಗೆ ಬಿಗಿದ ಉಕ್ಕಿನ ಕಪಾಟನ್ನು ನೋಡುತ್ತಾರೆ. ಯಾವ ಅಳತೆಯ ರೈಫಲ್, ಎಷ್ಟು ತೋಟಾ ಇಟ್ಟುಕೊಳ್ಳಬಹುದು ಎಂಬುದೆಲ್ಲ ಆ ಪತ್ರದಲ್ಲಿ ಬರೆದಿರುತ್ತದೆ. ಹೊಸಬರಿಗೆ ಸಾಮಾನ್ಯವಾಗಿ, ಆ ಅಳತೆಯ ರೈಫಲ್ಲಿಗೆ ಯೋಗ್ಯವೆಂದು ಪೊಲೀಸರು ಒಪ್ಪಿದ ಜಮೀನಿನಲ್ಲಿ ಮಾತ್ರ ಬಳಸುವ ಷರತ್ತನ್ನು ಹಾಕುತ್ತಾರೆ. ಆ ಷರತ್ತು ನನಗೆ ಮೊದಲು ಕಿರಿಕಿರಿಯೆನಿಸಿತ್ತು. ಈಗ ನೋಡಿದರೆ ಈ ಇಡೀ ವಿಷಯದ ತಿರುಳೇ ಅದರಲ್ಲಿದೆ.

ಕ್ಯಾಮೆರಾವನ್ನು ಎಡಕ್ಕೆ ತಿರುಗಿಸುತ್ತೇನೆ. ಆ ದಿಣ್ಣೆಯ ಆಚೆ ಒಂದು ಹಳ್ಳಿಯಿದೆ, ಬೇಲಿಯ ಪಕ್ಕದಲ್ಲಿ ಸಾರ್ವಜನಿಕರ ಕಾಲುದಾರಿ ಹಾದು ಹೋಗುತ್ತದೆ. ನರಿ ದಿಣ್ಣೆಯ ನೆತ್ತಿಯಲ್ಲಿ ನಿಂತರೆ ಅದರ ಹಿಂದೆ ಬರೀ ಆಕಾಶ. ಗುರಿ ತಪ್ಪಿದ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಗುಂಡನ್ನು ತಡೆದು ನುಂಗಿಕೊಳ್ಳುವ ಮಣ್ಣು ನರಿಯ ಹಿಂದೆ ಇದೆಯೇ ಎಂಬುದನ್ನು ಹಗಲಿನಲ್ಲಿ ನಡೆದು, ಹೆಜ್ಜೆ ಎಣಿಸಿ ಗುರುತು ಮಾಡಿಕೊಳ್ಳಬೇಕು. ಈ ಜಮೀನಿನಲ್ಲಿ ಹಾಗೆ ನಿಶ್ಚಿಂತೆಯಿಂದ ಗುಂಡು ಹಾರಿಸಬಹುದಾದ ಜಾಗಗಳು ನಾಲ್ಕೇ, ಅವುಗಳಲ್ಲಿ ಅತ್ಯಂತ ದೂರದ್ದು ನೂರ ಐವತ್ತು ಮೀಟರ್. ರೈಫಲ್ ಹುಡುಕಲು ಹೊರಟಾಗ ನನ್ನ ಕೈಯಲ್ಲಿದ್ದ ಅಳತೆ ಅಷ್ಟೇ, ಅದೇ ಸಾಕಾಯಿತು.

ಮೊಲಕ್ಕೆ ಬಳಸುವ .22 ರಿಮ್‌ಫೈರ್, ಅಂದರೆ ತೋಟಾದ ಅಂಚಿಗೆ ಬಡಿದು ಸಿಡಿಸುವ ಚಿಕ್ಕ ರೈಫಲ್, ಯಜಮಾನರ ಬಳಿ ಮೊದಲಿನಿಂದಲೂ ಇತ್ತು. .22ರಂಥ ಸಂಖ್ಯೆ ಗುಂಡಿನ ವ್ಯಾಸವನ್ನು ಸರಿಸುಮಾರಾಗಿ ಅಂಗುಲದಲ್ಲಿ ಹೇಳುತ್ತದೆ. 40 ಗ್ರೇನ್, ಅಂದರೆ ಎರಡೂವರೆ ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಕದ ಸೀಸದ ಗುಂಡು, ಸದ್ದು ಕಡಿಮೆ ಮಾಡುವ ತೋಟಾದಲ್ಲಿ ಸೆಕೆಂಡಿಗೆ ಸುಮಾರು 320 ಮೀಟರ್ ವೇಗದಲ್ಲಿ ಹೋಗುತ್ತದೆ. ನರಿಯನ್ನು ಒಂದೇ ಏಟಿಗೆ ಮುಗಿಸಲು ತೀರ ಹತ್ತಿರದಲ್ಲಲ್ಲದೆ ಆ ಶಕ್ತಿ ಸಾಲದು. ಗಾಯಗೊಂಡ ನರಿ ಬಿಲ ಸೇರಿ ದಿನಗಟ್ಟಲೆ ನರಳಿ ಸಾಯುವುದಕ್ಕಿಂತ ಅದು ತಪ್ಪಿಸಿಕೊಂಡು ಹೋಗುವುದೇ ವಾಸಿ. ಇದಲ್ಲದೆ ನಿಧಾನವಾಗಿ ಹೋಗುವ ಈ ಗುಂಡು ಕಲ್ಲಿಗೋ ಗಟ್ಟಿ ನೆಲಕ್ಕೋ ತಾಗಿ ಚಿಮ್ಮಿ ಬೇರೆ ಕಡೆಗೆ ಹಾರುವ ಅಪಾಯವೂ ಹೆಚ್ಚು. 2002ರಲ್ಲಿ ಬಂದ .17 ಎಚ್‌ಎಂಆರ್ ಎಂಬ ಇನ್ನೊಂದು ರಿಮ್‌ಫೈರ್ ತೋಟಾ ಇದಕ್ಕಿಂತ ಬಹಳ ವೇಗದ್ದು, ಅದರ ಗುಂಡು ತಾಗಿದ ಕೂಡಲೇ ಒಡೆದು ಚೂರಾಗುತ್ತದೆ. ಆದರೆ ಅದರ ತೂಕ ಒಂದು ಗ್ರಾಮಿಗಿಂತ ಸ್ವಲ್ಪವೇ ಹೆಚ್ಚು. ಈ ಬೆಟ್ಟದ ಅಡ್ಡಗಾಳಿ ಅದನ್ನು ಸರಾಗವಾಗಿ ಪಕ್ಕಕ್ಕೆ ತಳ್ಳುತ್ತದೆ. ಗಾಳಿಯಿಲ್ಲದ ರಾತ್ರಿ, ಸಮೀಪದ ನರಿ, ಸ್ಥಿರವಾದ ಕೈ ಎಂಬ ಮೂರೂ ಕೂಡಿದರೆ ಮಾತ್ರ ಅದನ್ನು ನಂಬಬಹುದು.

ನಾನು ಆರಿಸಿಕೊಂಡದ್ದು .223 ರೆಮಿಂಗ್ಟನ್ ತೋಟಾದ ಬೋಲ್ಟ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಅಗುಳಿಯನ್ನು ಕೈಯಿಂದ ಎಳೆದು ತೋಟಾ ಏರಿಸುವಂಥದು. 55 ಗ್ರೇನ್ ಗುಂಡು ಸೆಕೆಂಡಿಗೆ ಸಾವಿರ ಮೀಟರ್‌ಗೆ ಸಮೀಪದ ವೇಗದಲ್ಲಿ ಹೊರಡುವುದರಿಂದ, ನೂರ ಐವತ್ತು ಮೀಟರಿನವರೆಗೆ ಗುರಿಯನ್ನು ಮೇಲೆ ಕೆಳಗೆ ಸರಿಪಡಿಸುವ ಲೆಕ್ಕಾಚಾರ ಹೆಚ್ಚೇನೂ ಬೇಕಾಗುವುದಿಲ್ಲ. ಒದೆತ ಕಡಿಮೆ, ಗುಂಡು ಹಾರಿದ ಮೇಲೂ ನರಿ ದುರ್ಬೀನಿನಲ್ಲೇ ಕಾಣುತ್ತಿರುವುದರಿಂದ ಏಟು ಎಲ್ಲಿ ಬಿತ್ತೆಂಬುದು ಆ ಕ್ಷಣವೇ ತಿಳಿಯುತ್ತದೆ. ತೋಟಾ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. .22-250 ಎಂಬ ತೋಟಾ ಇದಕ್ಕಿಂತ ವೇಗದ್ದು, ಅಗಲವಾದ ಬಯಲಿನವರಿಗೆ ಒಳ್ಳೆಯದು. ನಮ್ಮ ನಾಲ್ಕು ಜಾಗಗಳಿಗೆ ಆ ಸದ್ದೂ ನಳಿಗೆಯ ಸವೆತವೂ ಅನಗತ್ಯ. ಜಿಂಕೆಯನ್ನೂ ನಿಯಂತ್ರಿಸಬೇಕಾದವರು .243 ವಿಂಚೆಸ್ಟರ್ ಕೊಳ್ಳುತ್ತಾರೆ, ಏಕೆಂದರೆ ದೊಡ್ಡ ಜಾತಿಯ ಜಿಂಕೆಗಳಿಗೆ ಇಂಗ್ಲೆಂಡಿನ ಕಾನೂನು ಕನಿಷ್ಠ .240 ಅಳತೆಯನ್ನು ಕೇಳುತ್ತದೆ. ನನಗೆ ಆ ಕೆಲಸವಿಲ್ಲ.

ಕೊಳ್ಳುವವರು ಸಾಮಾನ್ಯವಾಗಿ ಮರೆಯುವ ವಿಷಯವೊಂದಿದೆ. ನಳಿಗೆಯೊಳಗಿನ ಸುರುಳಿ ಗೀರು ಎಷ್ಟು ಅಂಗುಲಕ್ಕೆ ಒಂದು ಸುತ್ತು ಹಾಕುತ್ತದೆ ಎಂಬುದಕ್ಕೂ ಗುಂಡಿನ ತೂಕಕ್ಕೂ ಹೊಂದಿಕೆಯಿರಬೇಕು: ಹನ್ನೆರಡು ಅಂಗುಲಕ್ಕೊಂದು ಸುತ್ತಿನ ಹಳೆಯ ನಳಿಗೆ 55 ಗ್ರೇನ್ ಅಥವಾ ಅದಕ್ಕಿಂತ ಹಗುರವಾದ ಗುಂಡಿಗೆ ಸರಿ, ಎಂಟು ಅಂಗುಲದ್ದು ಭಾರದ ಗುಂಡನ್ನೂ ಸ್ಥಿರವಾಗಿ ಒಯ್ಯುತ್ತದೆ. ಹೊಂದಿಕೆಯನ್ನು ಕಾಗದದ ಗುರಿಯ ಮೇಲೆ ಪರೀಕ್ಷಿಸದೆ ಹೊಲಕ್ಕೆ ಇಳಿಯಬಾರದು. ನರಿಯ ಎದೆಯಲ್ಲಿ ನಾವು ನಂಬಬಹುದಾದ ಜಾಗ ಹೆಚ್ಚೆಂದರೆ ಒಂದು ಅಂಗೈಯಷ್ಟು. ನೂರು ಮೀಟರಿನಲ್ಲಿ ಮೂರು ಗುಂಡುಗಳು ಒಂದು ಅಂಗುಲದೊಳಗೆ ಬೀಳುವವರೆಗೆ ನಾನು ಗುರಿ ಅಭ್ಯಾಸದ ಮೈದಾನಕ್ಕೆ ಮತ್ತೆ ಮತ್ತೆ ಹೋದೆ. ಸದ್ದಡಗಿಸುವ ಕೊಳವೆಯನ್ನೂ ಹಾಕಿಸಿದ್ದೇನೆ. ಗಬ್ಬದ ಕುರಿಗಳು ಬೆದರಿ ಓಡುವುದು ಅವುಗಳಿಗೆ ಒಳ್ಳೆಯದಲ್ಲ.

ಈಗ ಕಾಣುತ್ತಿರುವುದು ಹತ್ತು ದಿನಗಳ ಹಿಂದಿನ ರಾತ್ರಿಯ ಚಿತ್ರಗಳು. ಮೈಶಾಖವನ್ನು ತೋರಿಸುವ ಥರ್ಮಲ್ ದುರ್ಬೀನಿನಲ್ಲಿ ಬಿಳಿಯಾಗಿ ಹೊಳೆಯುವ ಆಕಾರ ಏನೆಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಬ್ಯಾಡ್ಜರ್ ಇರಬಹುದು, ಅದಕ್ಕೆ 1992ರ ಕಾಯ್ದೆಯ ರಕ್ಷಣೆಯಿದೆ, ಯಾರದೋ ನಾಯಿಯಿರಬಹುದು. ನಡಿಗೆ, ಬಾಲ, ಕಿವಿ ಮೂರೂ ಖಚಿತವಾಗುವವರೆಗೆ ಬೆರಳು ಟ್ರಿಗರಿನ ಹೊರಗೇ ಇರುತ್ತದೆ. ಅಂದು ಬಂದದ್ದು ನರಿಯೇ, ತೊಂಬತ್ತು ಮೀಟರ್ ದೂರದಲ್ಲಿ, ಅಡ್ಡಲಾಗಿ ನಿಂತು ಮೂಸುತ್ತಿತ್ತು. ಆದರೆ ನಿಂತದ್ದು ದಿಣ್ಣೆಯ ನೆತ್ತಿಯಲ್ಲಿ. ಎರಡು ನಿಮಿಷ ನೋಡಿ ಬಿಟ್ಟುಬಿಟ್ಟೆ.

ಮರುದಿನ ಯಜಮಾನರೂ ನಾನೂ ಕೂಡಿ ಓಕ್ ಮರಕ್ಕೆ ಒರಗಿಸಿ ಒಂದು ಅಟ್ಟಣೆಯನ್ನು ಕಟ್ಟಿದೆವು. ನಮ್ಮೂರಿನಲ್ಲಿ ಗದ್ದೆಗೆ ನುಗ್ಗುವ ಹಂದಿಯನ್ನು ಕಾಯಲು ಕಟ್ಟುತ್ತಿದ್ದ ಅಟ್ಟಣೆಯಂಥದೇ. ಮೇಲಿನಿಂದ ಕೆಳಕ್ಕೆ ಹಾರಿಸಿದ ಗುಂಡು ನರಿಯ ಹಿಂದಿನ ಮಣ್ಣಿಗೇ ಇಳಿಯುತ್ತದೆ. ಅಟ್ಟಣೆಯ ಎದುರಿನ ಇಳಿಜಾರು ಹಾಗೆ ಐದನೆಯ ಜಾಗವಾಯಿತು. ಮೂರನೆಯ ರಾತ್ರಿ ಅದೇ ದಾರಿಯಲ್ಲಿ ಬಂದ ನರಿಗೆ ನೂರ ಹತ್ತು ಮೀಟರಿನಿಂದ ಗುಂಡು ಹಾರಿಸಿದೆ. ಅದು ನಿಂತಲ್ಲೇ ಬಿತ್ತು. ಇಳಿದು ಹೋಗಿ ನೋಡಿದಾಗ ಗಂಡುನರಿ, ಹಲ್ಲು ಸವೆದಿತ್ತು.

ಈ ಕೆಲಸವನ್ನು ಫೆಬ್ರುವರಿಯೊಳಗೆ ಮುಗಿಸಬೇಕೆಂಬ ಹಟ ನನ್ನದು. ಹೆಣ್ಣುನರಿ ಸುಮಾರು 52 ದಿನ ಗಬ್ಬವಿದ್ದು ಮಾರ್ಚ್, ಏಪ್ರಿಲ್ ಹೊತ್ತಿಗೆ ನಾಲ್ಕೈದು ಮರಿ ಹಾಕುತ್ತದೆ; ಹಾಲೂಡಿಸುವ ತಾಯಿಯನ್ನು ಕೊಂದರೆ ಬಿಲದೊಳಗೆ ಮರಿಗಳು ಹಸಿದು ಸಾಯುತ್ತವೆ. ವರ್ಷವಿಡೀ ಕಂಡ ನರಿಯನ್ನೆಲ್ಲ ಕೊಲ್ಲುತ್ತ ಹೋಗುವುದರಿಂದ ಲಾಭವೂ ಇಲ್ಲ, ಖಾಲಿಯಾದ ಜಾಗಕ್ಕೆ ಬೇರೆ ನರಿ ಬಂದು ಸೇರುತ್ತದೆ. ಮಾರ್ಚ್ ನಡುವಿನಿಂದ, ನರಿ ಜೀವಂತ ಕುರಿಮರಿಯನ್ನು ಹಿಡಿಯುತ್ತಿರುವುದು ಚಾಕುವಿನ ಪರೀಕ್ಷೆಯಿಂದ ಖಚಿತವಾದರೆ ಮಾತ್ರ ಕಪಾಟಿನ ಬೀಗ ತೆಗೆಯುತ್ತೇನೆ. ಅಲ್ಲಿಯವರೆಗೆ ರಾತ್ರಿ ಪಾಳಿಯಲ್ಲಿ ನನ್ನ ಕೈಯಲ್ಲಿರುವುದು ಟಾರ್ಚು, ಗಿಣ್ಣು ಹಾಲಿನ ಸೀಸೆ, ಹೊಕ್ಕುಳಿಗೆ ಹಚ್ಚುವ ಅಯೋಡಿನ್.