ಹಿರಿಯರಿಗೆ ಈಜು ಕಲಿಸುವವರು

ಕೇಳುಗರಿಗೆ ನಮಸ್ಕಾರ.

ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದ ಮರುವರ್ಷ, ನನ್ನ 52ನೆಯ ವಯಸ್ಸಿನಲ್ಲಿ, ನಾನು ಮಂಗಳೂರಿನಲ್ಲಿ ಈಜು ಕಲಿಯಲು ಹೊರಟೆ. ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ಫಲ್ಗುಣಿ, ಎದುರಿಗೆ ಕಡಲು ಇರುವ ಊರಿನಲ್ಲಿ ಹುಟ್ಟಿ ಬೆಳೆದರೂ, ನನ್ನ ತಲೆಮಾರಿನ ಅನೇಕ ಹೆಂಗಸರಂತೆ ನಾನೂ ನೀರನ್ನು ದಡದಿಂದಲೇ ನೋಡಿದವಳು. ಅಣ್ಣಂದಿರು ತೋಟದ ಕೆರೆಯಲ್ಲಿ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದಾಗ ಕಟ್ಟೆಯ ಮೇಲೆ ಕುಳಿತು ಅವರ ಬಟ್ಟೆ ಕಾಯುವುದು ನನ್ನ ಪಾಲಿನ ಕೆಲಸವಾಗಿತ್ತು.

ನಾನು ಮೊದಲು ಸೇರಿದ ಕಡೆ ಕಲಿಸುತ್ತಿದ್ದವರು ಒಳ್ಳೆಯ ಈಜುಗಾರರು. ಅವರ ಪದಕಗಳನ್ನು ಕಚೇರಿಯ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದರು. ಆದರೆ ನೀರಿಗೆ ಮುಖ ಅದ್ದಿದ ಕೂಡಲೇ ನನ್ನ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂಬುದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಎರಡನೆಯ ವಾರದಲ್ಲಿ ಒಂದು ದಿನ, ಹೆದರಿಕೆ ಬಿಟ್ಟುಹೋಗಲಿ ಎಂದು ಹಿಂದಿನಿಂದ ಆಳದ ಕಡೆಗೆ ನನ್ನನ್ನು ತಳ್ಳಿಯೇಬಿಟ್ಟರು. ಮೂರನೆಯ ವಾರ ನಾನು ಹೋಗಲಿಲ್ಲ. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಐದನೆಯ ವಯಸ್ಸಿನಲ್ಲಿಯೇ ಈಜು ಕಲಿತ ಅವರಿಗೆ, ತೇಲಲು ಬಾರದ ದೇಹ ಹೇಗಿರುತ್ತದೆ ಎಂಬುದರ ನೆನಪೇ ಉಳಿದಿರಲಿಲ್ಲ ಎಂದು ಆಮೇಲೆ ನನಗೆ ಹೊಳೆಯಿತು. ಹಿರಿಯರಿಗೆ ಈಜು ಕಲಿಸುವವರ ಹಿನ್ನೆಲೆಯನ್ನು ನಾವು ಕೇಳಿ ತಿಳಿದುಕೊಳ್ಳಬೇಕು ಎಂದು ನಾನು ಹೇಳುವುದು ಈ ಕಾರಣಕ್ಕಾಗಿಯೇ.

ದೊಡ್ಡವರ ಈಜು ಎಂಬುದು ಮಕ್ಕಳ ಈಜಿನ ಬಾಲವಲ್ಲ, ಅದಕ್ಕೆ ಅದರದೇ ಆದ ಚರಿತ್ರೆಯಿದೆ. ಅಮೆರಿಕದ ನೌಕಾಪಡೆಯ ವೈದ್ಯ ರಾನ್ಸಂ ಆರ್ಥರ್ ಅವರು, ಮಧ್ಯವಯಸ್ಸಿನವರ ಆರೋಗ್ಯಕ್ಕೆ ಈಜಿನ ಸ್ಪರ್ಧೆಯೇ ಒಂದು ನೆಪವಾಗಲಿ ಎಂದು ಯೋಚಿಸಿದ್ದರಿಂದ, ಜಾನ್ ಸ್ಪಾನತ್ ಎಂಬ ತರಬೇತುದಾರರ ಮುಂದಾಳತ್ವದಲ್ಲಿ 1970ರ ಮೇ ತಿಂಗಳಲ್ಲಿ ಟೆಕ್ಸಸ್ ರಾಜ್ಯದ ಅಮರಿಲ್ಲೊದಲ್ಲಿ ಮೊದಲ ಮಾಸ್ಟರ್ಸ್ ಕೂಟ, ಅಂದರೆ ದೊಡ್ಡವರಿಗೆಂದೇ ಇರುವ ಈಜು ಸ್ಪರ್ಧೆ, ನಡೆಯಿತು. ಅಲ್ಲಿ ನೀರಿಗಿಳಿದವರು 46 ಮಂದಿ. 1986ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಮಾಸ್ಟರ್ಸ್ ಈಜು ಸ್ಪರ್ಧೆ ನಡೆಯಿತು. 25 ವರ್ಷ ತುಂಬಿದವರು ಐದೈದು ವರ್ಷಗಳ ವಯೋಗುಂಪುಗಳಲ್ಲಿ ತಮ್ಮ ಓರಗೆಯವರೊಡನೆಯೇ ಸ್ಪರ್ಧಿಸುವ ಪದ್ಧತಿ ಇಂದು ಎಲ್ಲೆಡೆ ಇದೆ. 2023ರ ನವೆಂಬರಿನಲ್ಲಿ ನಮ್ಮ ಎಮ್ಮೆಕೆರೆಯ ಈಜುಕೊಳದಲ್ಲಿಯೇ ರಾಷ್ಟ್ರೀಯ ಮಾಸ್ಟರ್ಸ್ ಸ್ಪರ್ಧೆ ನಡೆದಾಗ, ತಲೆ ಪೂರ್ತಿ ನರೆತವರು ಕೊಳದ ಅಂಚಿನ ಕಟ್ಟೆಯ ಮೇಲೆ ನಿಂತು ಸೀಟಿಯ ಸದ್ದಿಗಾಗಿ ಕಾಯುವ ದೃಶ್ಯವನ್ನು ನಮ್ಮ ಊರು ಕಂಡಿತು.

ಒಂದು ವರ್ಷ ಬಿಟ್ಟು ನಾನು ಸೇರಿಕೊಂಡದ್ದು ದೊಡ್ಡವರದೇ ಒಂದು ಸಣ್ಣ ಕೂಟವನ್ನು. ಹದಿನೆಂಟು ಮಂದಿ ಕಲಿಯುವವರು, ಮೂವರು ಕಲಿಸುವವರು. ಮೊದಲ ದಿನ ಯಾರನ್ನೂ ನೀರಿಗೆ ಇಳಿಸದೆ, ಆ ಮೂವರೂ ಬೆಂಚಿನ ಮೇಲೆ ಕುಳಿತು, ತಾವು ಯಾವಾಗ, ಎಲ್ಲಿ, ಯಾರಿಂದ ಈಜು ಕಲಿತೆವೆಂಬುದನ್ನು ನಮಗೆ ಹೇಳಿದರು. ಅಂತಹ ಪರಿಚಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಮೂವರಲ್ಲಿ ಒಬ್ಬರು ಕಾಲೇಜು ದಿನಗಳಲ್ಲಿ ರಾಜ್ಯ ಮಟ್ಟದಲ್ಲಿ ಬ್ಯಾಕ್‌ಸ್ಟ್ರೋಕ್, ಅಂದರೆ ಅಂಗಾತ ಈಜು, ಈಜಿದವರು, ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರಗಳ ಸರ್ಟಿಫಿಕೇಟ್ ಪಡೆದವರು. ಕೈ ನೀರಿನೊಳಗೆ ಎಲ್ಲಿ ಇಳಿಯಬೇಕು, ಮೊಣಕೈ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ತಿದ್ದುವುದರಲ್ಲಿ ಅವರ ಸಮಾನರಿಲ್ಲ. 25 ಮೀಟರ್ ದಾಟಲು 34 ಸಲ ಕೈ ಬೀಸುತ್ತಿದ್ದ ನಾನು 26ಕ್ಕೆ ಇಳಿದದ್ದು ಅವರಿಂದ.

ಎರಡನೆಯವರು ಬೆಂಗ್ರೆಯ ಮೊಗವೀರ ಮನೆತನದವರು. ಹುಡುಗನಾಗಿದ್ದಾಗ ಅಪ್ಪನೊಡನೆ ದೋಣಿ ಹತ್ತಿದವರು, ಆಮೇಲೆ ಬಹಳ ವರ್ಷ ಕಡಲ ತೀರದಲ್ಲಿ ಲೈಫ್‌ಗಾರ್ಡ್ ಆಗಿದ್ದವರು. ಅವರಲ್ಲಿ ಪದಕವಿಲ್ಲ, ಅವರ ಫ್ರೀಸ್ಟೈಲನ್ನು ಸ್ಪರ್ಧೆಯವರು ಒಪ್ಪಲಾರರು. ಆದರೆ ಕೊಳದಲ್ಲಿ ಹದಿನೆಂಟು ತಲೆಗಳಿದ್ದರೆ ಹದಿನೆಂಟೂ ಅವರ ಲೆಕ್ಕದಲ್ಲಿರುತ್ತವೆ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕೂಗುವುದಿಲ್ಲ, ಉಸಿರೆಳೆಯುವುದಕ್ಕೇ ಪುರುಸೊತ್ತಿಲ್ಲದಾಗ ಕೂಗಲು ಉಸಿರೆಲ್ಲಿಂದ ಬರಬೇಕು ಎಂದು ಅವರು ಹೇಳುತ್ತಾರೆ. ಒಮ್ಮೆ ನಮ್ಮ ಜೊತೆಯವರೊಬ್ಬರು ಎದೆಮಟ್ಟದ ನೀರಿನಿಂದ ತಿಳಿಯದೆ ನಾಲ್ಕು ಹೆಜ್ಜೆ ಆಳಕ್ಕೆ ಸರಿದಿದ್ದರು. ಪಕ್ಕದ ಲೇನಿನಲ್ಲಿದ್ದ ನನಗೆ ಅವರು ಸುಮ್ಮನೆ ಮೇಲೆ ನೋಡುತ್ತಿರುವಂತೆ ಕಂಡಿತು. ಆ ಹಿಂದಕ್ಕೆ ವಾಲಿದ ತಲೆಯನ್ನೂ ನೀರಿನ ಮಟ್ಟಕ್ಕಿದ್ದ ಬಾಯನ್ನೂ ನೋಡಿದೊಡನೆ ಬೆಂಗ್ರೆಯವರು ಚಪ್ಪಲಿ ಸಹಿತ ನೀರಿಗೆ ಹಾರಿದ್ದರು. ಎರಡು ನಿಮಿಷದ ನಂತರ ಜೊತೆಯವರು ಕಟ್ಟೆಯ ಮೇಲೆ ಕುಳಿತು ಕೆಮ್ಮುತ್ತಿದ್ದರು, ಒಂದು ಚಪ್ಪಲಿ ಲೇನಿನ ಹಗ್ಗಕ್ಕೆ ಸಿಕ್ಕಿ ತೇಲುತ್ತಿತ್ತು.

ನನ್ನ ಹೆದರಿಕೆಯ ಗಂಟನ್ನು ಬಿಡಿಸಿದವರೂ ಅವರೇ. ನಾನು ಅಂಚಿನ ಸರಳನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದೆ. "ಅಕ್ಕ, ಉಸಿರು ಹಿಡಿಯಬೇಡಿ, ನೀರೊಳಗೆ ಬಿಡಿ, ಗುಳ್ಳೆ ಬರಲಿ" ಎಂದರು. ಅಷ್ಟು ದಿನ ನನ್ನನ್ನು ಕಾಡಿದ್ದು ಗಾಳಿಯ ಕೊರತೆಯಲ್ಲ, ಎದೆಯೊಳಗೆ ಬಿಗಿಹಿಡಿದು ಹೊರಗೆ ಬಿಡದಿದ್ದ ಗಾಳಿ.

ಮೂರನೆಯವರ ಬಗ್ಗೆ ಹೇಳಲು ನನಗೆ ವಿಶೇಷವಾದ ಪ್ರೀತಿ. ಅವರು ಫಿಸಿಯೋಥೆರಪಿಸ್ಟ್, ಈಜು ಕಲಿತದ್ದು 39ನೆಯ ವಯಸ್ಸಿನಲ್ಲಿ. ಕೊಳದ ಒಂದು ಅಗಲ ದಾಟಲು ತನಗೆ ಮೂರು ತಿಂಗಳು ಹಿಡಿಯಿತು ಎಂದು ಅವರು ಮೊದಲ ದಿನವೇ ಹೇಳಿದಾಗ ನಮ್ಮ ಸಾಲಿನಲ್ಲಿ ಎಷ್ಟೋ ಭುಜಗಳು ಸಡಿಲವಾದವು. ಅವರು ನಮ್ಮನ್ನು ಒಬ್ಬೊಬ್ಬರಾಗಿ ಗೋಡೆಗೆ ಬೆನ್ನು ಒತ್ತಿ ನಿಲ್ಲಿಸಿ, ನಡು ಬಾಗದಂತೆ ಎರಡೂ ಕೈಗಳನ್ನು ಮೇಲೆತ್ತಿಸಿ, ಹೆಬ್ಬೆರಳು ಗೋಡೆಗೆ ತಾಗುತ್ತದೆಯೇ ಎಂದು ನೋಡಿದರು. ಮೂವತ್ತು ವರ್ಷ ಮೇಜಿನ ಮುಂದೆ ಬಾಗಿ ಕುಳಿತ ನನ್ನ ಕೈ ಗೋಡೆಗಿಂತ ಒಂದು ಗೇಣು ಮುಂದೆಯೇ ನಿಂತಿತು. ಕಿವಿಯ ಹಿಂದೆ ತೋಳು ಒತ್ತಿ ಬಾಣದಂತೆ ಚಾಚಿ ಎಂದು ಮಕ್ಕಳಿಗೆ ಹೇಳುವುದನ್ನೇ ನನಗೂ ಹೇಳಿದ್ದರೆ ನನ್ನ ಭುಜ ನೋಯುತ್ತಿತ್ತು ಅಥವಾ ನಡು ಬಾಗಿ ಕಾಲು ಮುಳುಗುತ್ತಿತ್ತು. ಅವರು ನನಗೆ ತೋಳನ್ನು ಸ್ವಲ್ಪ ಅಗಲವಾಗಿ ಇಡಲು ಹೇಳಿಕೊಟ್ಟರು. ಶ್ವಾಸಕೋಶದಲ್ಲಿ ಗಾಳಿಯಿರುವುದರಿಂದ ಎದೆ ತೇಲುತ್ತದೆ, ಕಾಲು ಇಳಿಯುತ್ತದೆ, ತಲೆ ಎತ್ತಿದಷ್ಟೂ ಕಾಲು ಇನ್ನೂ ಕೆಳಗೆ ಹೋಗುತ್ತದೆ ಎಂದು ವಿವರಿಸಿ, ಕತ್ತಿನ ಹಿಂಭಾಗಕ್ಕೆ ಎರಡೇ ಬೆರಳು ಕೊಟ್ಟು ನನ್ನನ್ನು ಅಂಗಾತ ತೇಲಿಸಿದರು. ಬೆರಳು ಯಾವಾಗ ತೆಗೆದರೋ ನನಗೆ ತಿಳಿಯಲಿಲ್ಲ.

ದೊಡ್ಡ ತರಬೇತುದಾರರ ಜೀವನದಲ್ಲಿಯೂ ಹೀಗೆ ಬೇರೆ ದಾರಿಗಳು ಬಂದು ಕೂಡಿವೆ. ಆಸ್ಟ್ರೇಲಿಯಾದ ಫೋರ್ಬ್ಸ್ ಕಾರ್ಲೈಲ್ ಅವರು ಶರೀರಶಾಸ್ತ್ರದ ಅಧ್ಯಾಪಕರಾಗಿದ್ದವರು. 1948ರ ಲಂಡನ್ ಒಲಿಂಪಿಕ್ಸ್‌ಗೆ ತರಬೇತುದಾರರಾಗಿ ಹೋದ ಅವರು 1952ರ ಹೆಲ್ಸಿಂಕಿಯಲ್ಲಿ ಐದು ಕ್ರೀಡೆಗಳು ಕೂಡಿದ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧಿಯಾಗಿ ಇಳಿದರು. ಒಲಿಂಪಿಕ್ಸ್ ಈಜುಗಾರ ಮಾರ್ಕ್ ಸ್ಪಿಟ್ಜ್ ಅವರಿಗೆ ಕಲಿಸಿದ ಜೇಮ್ಸ್ ಕೌನ್ಸಿಲ್‌ಮನ್ ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದವರು. ಅವರು 1979ರಲ್ಲಿ, 58ನೆಯ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ಮೈಕಲ್ ಫೆಲ್ಪ್ಸ್ ಅವರ ಗುರು ಬಾಬ್ ಬೌಮನ್ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಜೊತೆ ಸಂಗೀತ ರಚನೆಯನ್ನೂ ಕಲಿತವರು.

ಸರ್ಟಿಫಿಕೇಟ್ ಬೇಡವೆಂದು ನಾನು ಹೇಳುತ್ತಿಲ್ಲ. ಜೀವರಕ್ಷಣೆಯ ತರಬೇತಿ, ಎದೆ ಒತ್ತಿ ಉಸಿರು ಮರಳಿಸುವ ವಿದ್ಯೆ ಇಲ್ಲದವರ ಕೈಗೆ ಯಾರೂ ತಮ್ಮನ್ನು ಒಪ್ಪಿಸಿಕೊಳ್ಳಬಾರದು. ಅಷ್ಟು ಖಚಿತಪಡಿಸಿಕೊಂಡ ಮೇಲೆ, ನೀವು ಈ ಹಿಂದೆ ದೊಡ್ಡವರಿಗೆ ಕಲಿಸಿದ್ದೀರಾ, ನಿಮ್ಮಲ್ಲಿ ಕಲಿಯಲಾಗದೆ ಬಿಟ್ಟುಹೋದವರು ಯಾರಾದರೂ ಇದ್ದಾರೆಯೇ, ಯಾಕೆ ಬಿಟ್ಟರು ಎಂದು ಸಂಕೋಚವಿಲ್ಲದೆ ಕೇಳಿ. ಕೊನೆಯ ಪ್ರಶ್ನೆಗೆ ಯೋಚಿಸಿ ಉತ್ತರ ಕೊಡುವವರಲ್ಲಿ ನನಗೆ ನಂಬಿಕೆ ಹೆಚ್ಚು.

ನಮ್ಮ ಕೂಟದಲ್ಲಿ ಈಗ ಶನಿವಾರ ಬೆಳಿಗ್ಗೆ ತರಗತಿ ಮುಗಿದ ಮೇಲೆ ಕಲಿಸುವವರು ಮೂವರೂ ನೀರಿನಲ್ಲಿಯೇ ಉಳಿಯುತ್ತಾರೆ. ಕಡಲಿನಲ್ಲಿ ಅಷ್ಟು ಜನರನ್ನು ದಡ ಸೇರಿಸಿದ ನಮ್ಮ ಬೆಂಗ್ರೆಯ ಅಣ್ಣ, 55ನೆಯ ವಯಸ್ಸಿನಲ್ಲಿ, ಬ್ಯಾಕ್‌ಸ್ಟ್ರೋಕಿನ ಮಾಷ್ಟ್ರ ಹತ್ತಿರ, ಎರಡೂ ಕೈಗಳನ್ನು ಒಟ್ಟಿಗೆ ಬೀಸುವ ಬಟರ್‌ಫ್ಲೈ ಕಲಿಯುತ್ತಿದ್ದಾರೆ. ಎರಡು ಕೈಗಳೂ ಒಟ್ಟಿಗೆ ನೀರಿನಿಂದ ಮೇಲೇಳುವುದಿಲ್ಲ, ಬಲಗೈ ಪ್ರತಿ ಸಲ ಒಂದು ಕ್ಷಣ ಹಿಂದೆ ಉಳಿಯುತ್ತದೆ. ಫಿಸಿಯೋಥೆರಪಿಸ್ಟ್ ಅಂಚಿನಲ್ಲಿ ನಿಂತು ಆ ಭುಜವನ್ನೇ ನೋಡುತ್ತಿರುತ್ತಾರೆ.

ನಮಸ್ಕಾರ.