‘ಅಬ್ಬಾ ಗೋಲ್ಡ್’ನಲ್ಲಿ ಇಲ್ಲದ ಒಂದು ಹಾಡು

ನಮಸ್ಕಾರ. ಜನಪ್ರಿಯ ಹಾಡುಗಳ ಸಂಕಲನ ‘ಅಬ್ಬಾ ಗೋಲ್ಡ್’ ಎಂದು ಹೆಸರೆತ್ತಿದರೆ ಸಾಕು, ಅಬ್ಬಾ ಎಂಬ ಪಾಪ್ ಗಾಯನ ತಂಡದ ಅಭಿಮಾನಿಗಳು ಎರಡು ಬಣವಾಗುತ್ತಾರೆ. ಈ ಸಂಕಲನ ಬರದೇ ಇದ್ದಿದ್ದರೆ ನಮಗೆ ಈ ತಂಡದ ಪರಿಚಯವೇ ಆಗುತ್ತಿರಲಿಲ್ಲ ಎನ್ನುವವರು ಒಂದು ಕಡೆ. ಇದೊಂದನ್ನೇ ಕೇಳಿದವರಿಗೆ ಅಬ್ಬಾ ಗೊತ್ತೇ ಇಲ್ಲ ಎಂದು ಮುಖ ತಿರುಗಿಸುವವರು ಇನ್ನೊಂದು ಕಡೆ. ನಾನು ಮೊದಲಿನವರ ಪರ. ಆದರೂ ಎರಡನೆಯವರ ಒಂದು ದೂರು ನನ್ನನ್ನು ಇಂದಿಗೂ ಬಿಡದೆ ಕಾಡುತ್ತದೆ.

1974ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ‘ವಾಟರ್‌ಲೂ’ ಹಾಡಿ ಯೂರೋವಿಷನ್ ಎಂಬ ಯುರೋಪಿನ ಹಾಡಿನ ಸ್ಪರ್ಧೆ ಗೆದ್ದ ಸ್ವೀಡನ್ನಿನ ಈ ನಾಲ್ವರು, 1982 ಮುಗಿಯುವ ಹೊತ್ತಿಗೆ ಒಟ್ಟಿಗೆ ಹಾಡುವುದನ್ನು ನಿಲ್ಲಿಸಿದ್ದರು. ಆಮೇಲಿನ ವರ್ಷಗಳಲ್ಲಿ ಅವರ ಹಾಡು ಇಷ್ಟ ಎಂದು ಹೇಳಿಕೊಳ್ಳಲು ಅನೇಕರು ಸಂಕೋಚಪಡುತ್ತಿದ್ದರು. 1992ರ ಜೂನ್‌ನಲ್ಲಿ ಇರೇಷರ್ ಎಂಬ ಜೋಡಿ ಅವರ ನಾಲ್ಕು ಹಾಡುಗಳನ್ನು ಮತ್ತೆ ಹಾಡಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ಸೆಪ್ಟೆಂಬರ್‌ನಲ್ಲಿ ಹತ್ತೊಂಬತ್ತು ಹಾಡುಗಳ ‘ಗೋಲ್ಡ್’ ಬಂತು. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ 1000 ವಾರ ಪೂರೈಸಿದ ಮೊಟ್ಟಮೊದಲ ಆಲ್ಬಮ್ ಇದು. 2021ರಲ್ಲಿ ಆ ಗಡಿ ದಾಟಿತು.

ಹಾಡುಗಳು ಕಾಲಕ್ರಮದಲ್ಲಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಪಿಯಾನೋ ಮೇಲೆ ಬೆರಳು ಜಾರಿದ ಸದ್ದಿನೊಂದಿಗೆ ‘ಡ್ಯಾನ್ಸಿಂಗ್ ಕ್ವೀನ್’ ಶುರುವಾಗುತ್ತದಲ್ಲ, ಬಾಗಿಲು ತೆರೆಯಲು ಅದಕ್ಕಿಂತ ಒಳ್ಳೆಯ ಹಾಡು ಈ ತಂಡದ ಬಳಿ ಇಲ್ಲ. ಅವರಿಗೆ ಜಗತ್ತಿನಲ್ಲಿ ಹೆಸರು ತಂದ ‘ವಾಟರ್‌ಲೂ’ ಕಟ್ಟಕಡೆಗೆ ಬರುವುದೂ ನನಗೆ ಇಷ್ಟ.

ನನ್ನನ್ನು ಕಾಡುವ ದೂರು ಬೇರೆ. 1979ರ ‘ವೂಲೇ ವೂ’ ಆಲ್ಬಮ್ಮಿನಿಂದ ಇಲ್ಲಿ ನಾಲ್ಕು ಹಾಡುಗಳಿವೆ. ತಂಡದ ಎರಡೂ ದಾಂಪತ್ಯಗಳು ಮುರಿದ ಕಾಲದಲ್ಲಿ ಬಂದ 1981ರ ‘ದಿ ವಿಸಿಟರ್ಸ್’ನಿಂದ ಒಂದೇ ಒಂದು. 1982ರ ‘ದಿ ಡೇ ಬಿಫೋರ್ ಯು ಕೇಮ್’ ಅಂತೂ ಇಲ್ಲವೇ ಇಲ್ಲ.

ಹೆಚ್ಚುಕಡಿಮೆ ಆರು ನಿಮಿಷದ ಆ ಹಾಡಿನಲ್ಲಿ ಒಬ್ಬ ಹೆಂಗಸು ತನ್ನ ಒಂದು ಸಾಮಾನ್ಯ ದಿನವನ್ನು ನೆನೆಯುತ್ತಾಳೆ. ರೈಲು ಹತ್ತಿರಬೇಕು, ಕಚೇರಿಯಲ್ಲಿ ಕಾಗದಪತ್ರ ನೋಡಿರಬೇಕು, ರಾತ್ರಿ ಟಿ.ವಿ. ಮುಂದೆ ಕುಳಿತಿರಬೇಕು. ಮರುದಿನ ಬಂದವನು ಯಾರು, ಬಂದದ್ದರಿಂದ ಅವಳಿಗೆ ಸುಖವಾಯಿತೋ ಇಲ್ಲವೋ, ಹಾಡು ಹೇಳುವುದಿಲ್ಲ. ತಂಡದ ಇಬ್ಬರು ಗಾಯಕಿಯರಲ್ಲಿ ಆಗ್ನೆತಾ ದಣಿದವಳಂತೆ ಹಾಡುತ್ತಾ ಹೋದರೆ, ಹಿಂದಿನಿಂದ ಇನ್ನೊಬ್ಬರಾದ ಫ್ರಿಡಾ ಅವರ ಮಾತಿಲ್ಲದ ದನಿ ಏರುತ್ತದೆ. ಅದನ್ನು ಕೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಅದು ಬ್ರಿಟನ್ನಿನಲ್ಲಿ 32ನೇ ಸ್ಥಾನಕ್ಕಷ್ಟೇ ಏರಿತ್ತು, ಜನಪ್ರಿಯ ಹಾಡುಗಳ ಸಂಕಲನದಲ್ಲಿ ಅದಕ್ಕೇನು ಕೆಲಸ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಸರಿ, ಲೆಕ್ಕವನ್ನೇ ನೋಡೋಣ. ‘ಗೋಲ್ಡ್’ನಲ್ಲಿರುವ ‘ಥ್ಯಾಂಕ್ ಯು ಫಾರ್ ದಿ ಮ್ಯೂಸಿಕ್’ 1983ರಲ್ಲಿ ಅಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಂದಾಗ ಏರಿದ್ದು 33ನೇ ಸ್ಥಾನಕ್ಕೆ. ಒಂದು ಮೆಟ್ಟಿಲು ಕೆಳಗೆ! ಹಾಗಾದರೆ ಆಯ್ಕೆ ಬರೀ ಪಟ್ಟಿ ನೋಡಿ ಆದದ್ದಲ್ಲ. ನಗುಮುಖದ ಬೀಳ್ಕೊಡುಗೆ ಒಳಗೆ ಬಂತು, ಒಂಟಿತನ ಹೊರಗೆ ಉಳಿಯಿತು.

ಮರುವರ್ಷ ‘ಮೋರ್ ಅಬ್ಬಾ ಗೋಲ್ಡ್’ನಲ್ಲಿ ಅದನ್ನು ಸೇರಿಸಿದರು, ನಿಜ. ಆದರೆ ಎರಡನೆಯ ಸಂಕಲನವನ್ನು ಹುಡುಕಿ ಕೊಳ್ಳುವವರು ಆಗಲೇ ಮನಸೋತವರು. ಮೊದಲ ಸಲ ಕೇಳುವವರ ಕೈಗೆ ಅದು ಸಿಗಬೇಕಿತ್ತು. ಜಾಗ ಬೇಕೆಂದರೆ ನಾನು ‘ಥ್ಯಾಂಕ್ ಯು ಫಾರ್ ದಿ ಮ್ಯೂಸಿಕ್’ ಜೊತೆಗೆ ತಂಡದ ಗೀತರಚನೆಕಾರರಲ್ಲೊಬ್ಬರಾದ ಬ್ಯೋರ್ನ್ ಹಾಡಿದ ‘ಡಸ್ ಯುವರ್ ಮದರ್ ನೋ’ವನ್ನೂ ತೆಗೆಯುತ್ತಿದ್ದೆ. ಬ್ಯೋರ್ನ್ ಅವರ ಬರವಣಿಗೆಯ ಮೇಲೆ ನನಗೆ ಅಪಾರ ಗೌರವವಿದೆ, ಆದರೆ ಈ ತಂಡದ ಜೀವ ಆ ಇಬ್ಬರು ಹೆಂಗಸರ ಕಂಠದಲ್ಲಿದೆ.

ಇಂದು ರಾತ್ರಿ ‘ಗೋಲ್ಡ್’ ಪೂರ್ತಿ ಕೇಳಿ. ‘ವಾಟರ್‌ಲೂ’ ಮುಗಿದ ಕೂಡಲೇ ಆ ಹೊರಗುಳಿದ ಹಾಡನ್ನು ಹಾಕಿ. ಎರಡರ ನಡುವೆ ಇರುವುದು ಎಂಟೇ ವರ್ಷ. ನೀವಾದರೆ ಯಾವ ಎರಡು ಹಾಡುಗಳನ್ನು ತೆಗೆಯುತ್ತಿದ್ದಿರಿ ಎಂದು ನನಗೆ ಬರೆದು ತಿಳಿಸಿ.