ಮೊದಲ ಒಂದು ಅಡಿ ಮಾತ್ರ ನಮ್ಮದು

ಎಲ್ಲರಿಗೂ ನಮಸ್ಕಾರ. ಇವತ್ತು ಗಾಲ್ಫ್‌ನಲ್ಲಿ ಚೆಂಡನ್ನು ದೂರ ಹೊಡೆಯುವ ಕೋಲು, ಡ್ರೈವರ್ ಬಗ್ಗೆ ಒಂದು ಮಾತೂ ಇಲ್ಲ. ಮೂರು ಅಡಿ ದೂರದ ಪಟ್, ಅಂದರೆ ಚೆಂಡನ್ನು ಹೋಲ್‌ನೊಳಗೆ ಉರುಳಿಸುವ ಮೆಲ್ಲನೆಯ ಹೊಡೆತದ ಬಗ್ಗೆ ಮಾತಾಡೋಣ. ನೋಡಿದರೆ ಯಾರು ಬೇಕಾದರೂ ಹಾಕಬಹುದು ಅನ್ನಿಸುತ್ತದಲ್ಲ, ಆ ಪಟ್.

1970, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್. ಓಪನ್ ಚಾಂಪಿಯನ್‌ಶಿಪ್‌ನ ಕೊನೆಯ ಹೋಲ್. ಗೆಲ್ಲಲು ಡಗ್ ಸ್ಯಾಂಡರ್ಸ್ ಅವರಿಗೆ ಬೇಕಿದ್ದದ್ದು ಹೆಚ್ಚುಕಡಿಮೆ ಇಷ್ಟೇ ದೂರದ ಒಂದು ಪಟ್. ಹೊಡೆಯಲು ನಿಂತಿದ್ದರು. ಚೆಂಡಿನ ದಾರಿಯಲ್ಲಿ ಏನೋ ಇದೆ ಅನ್ನಿಸಿ ಬಗ್ಗಿದರು. ಎದ್ದ ಮೇಲೆ ಹಿಂದೆ ಸರಿದು ಹೊಸದಾಗಿ ನಿಲ್ಲಲಿಲ್ಲ, ಹಾಗೇ ಹೊಡೆದುಬಿಟ್ಟರು. ಚೆಂಡು ಹೋಲ್‌ನ ಬಲಕ್ಕೆ ಜಾರಿ ಹೋಯಿತು. ಆಟ ಸಮವಾಯಿತು. ಮಾರನೇ ದಿನ ಅದನ್ನು ತೀರ್ಮಾನಿಸಲು ನಡೆದ ಪ್ಲೇ-ಆಫ್‌ನಲ್ಲಿ ಜ್ಯಾಕ್ ನಿಕ್ಲಾಸ್ ಗೆದ್ದರು, ಒಂದೇ ಹೊಡೆತದ ಅಂತರದಲ್ಲಿ. 2012ರಲ್ಲಿ ಕೊರಿಯಾದ ಐ. ಕೆ. ಕಿಮ್ ಒಂದು ಮೇಜರ್, ಅಂದರೆ ಅತಿ ದೊಡ್ಡ, ಟೂರ್ನಿಯ ಕೊನೆಯ ಹೋಲ್‌ನಲ್ಲಿ ಸುಮಾರು ಒಂದು ಅಡಿಯ ಪಟ್ ತಪ್ಪಿಸಿಕೊಂಡರು. ಅವರೂ ಪ್ಲೇ-ಆಫ್‌ನಲ್ಲಿ ಸೋತರು. ಐದು ವರ್ಷ ಬಿಟ್ಟು ಮಹಿಳೆಯರ ಬ್ರಿಟಿಷ್ ಓಪನ್ ಗೆದ್ದರು. ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಖುಷಿ.

ಪಟ್ ತಪ್ಪಿದಾಗ ನಾವೆಲ್ಲ 'ಟೆನ್ಶನ್ ಆಯಿತು' ಅಂತ ಮಾತು ಮುಗಿಸಿಬಿಡುತ್ತೇವೆ. ಟೆನ್ಶನ್ ಎಲ್ಲರಿಗೂ ಆಗುತ್ತದೆ. ಆ ಹೊತ್ತಿನಲ್ಲಿ ಕೈಗೆ ನೆನಪಿರುವಂಥ ಒಂದು ಸ್ಟ್ರೋಕ್, ಹೊಡೆಯುವ ಒಂದು ರೀತಿ, ನಮ್ಮ ಹತ್ತಿರ ಇದೆಯಾ? ನನ್ನ ಪ್ರಶ್ನೆ ಅದು. ಹೆಚ್ಚಿನವರ ಹತ್ತಿರ ಇರುವುದಿಲ್ಲ, ಯಾಕೆಂದರೆ ಅದಕ್ಕೆ ಸಮಯ ಕೊಟ್ಟಿರುವುದಿಲ್ಲ. ಪಾರ್ 72ರ ಕೋರ್ಸ್‌ನಲ್ಲಿ, ಅಂದರೆ 18 ಹೋಲ್‌ಗೆ ಒಟ್ಟು 72 ಹೊಡೆತ ಅಂತ ಗೊತ್ತುಮಾಡಿದ ಮೈದಾನದಲ್ಲಿ, ಪ್ರತಿ ಹೋಲ್‌ಗೆ ಎರಡು ಪಟ್ ಅಂತ ಲೆಕ್ಕ. ಒಟ್ಟು 36. ಅರ್ಧ ಆಟ! ಆದರೆ ಪ್ರಾಕ್ಟೀಸ್‌ನ ಅರ್ಧ ಸಮಯವನ್ನು ಗ್ರೀನ್ ಮೇಲೆ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಕಳೆಯುವವರನ್ನು ನಾನು ನೋಡಿದ್ದು ತೀರಾ ಕಡಿಮೆ.

ಸ್ವಲ್ಪ ಲೆಕ್ಕ ಹಾಕೋಣ. ಹೋಲ್‌ನ ಅಗಲ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ನಡುವಿನಿಂದ ಅಂಚಿಗೆ ಎರಡು ಇಂಚು ಚಿಲ್ಲರೆ. ಸಮತಟ್ಟಾದ ಗ್ರೀನ್ ಮೇಲೆ ಮೂರು ಅಡಿಯಿಂದ ಹೊಡೆದರೆ, ಚೆಂಡು ಮೂರು ಡಿಗ್ರಿ ಓರೆಯಾಗಿ ಹೊರಟರೂ ಅಂಚಾದರೂ ಸಿಗುತ್ತದೆ. ಹತ್ತು ಅಡಿಗೆ ಹೋದಿರೋ, ಬರೀ ಒಂದು ಡಿಗ್ರಿ. ಗಡಿಯಾರದ ನಿಮಿಷದ ಮುಳ್ಳು ಹತ್ತು ಸೆಕೆಂಡಿನಲ್ಲಿ ಎಷ್ಟು ಸರಿಯುತ್ತದೆ? ಅಷ್ಟೇ! ಅಮೆರಿಕದ ವೃತ್ತಿಪರ ಪಿಜಿಎ ಟೂರ್‌ನ ಆಟಗಾರರೇ ಎಂಟು ಅಡಿಯಿಂದ ಎರಡಕ್ಕೆ ಒಂದರಂತೆ ತಪ್ಪಿಸುತ್ತಾರೆ ಅಂದರೆ ಆಶ್ಚರ್ಯ ಏನಿದೆ?

ಆ ಒಂದು ಡಿಗ್ರಿ ಎಲ್ಲಿ ತಪ್ಪುತ್ತದೆ? ಚೆಂಡಿಗೆ ತಾಗುವ ಹೊತ್ತಿನಲ್ಲಿ ಪಟರ್‌ನ, ಅಂದರೆ ಪಟ್ ಹೊಡೆಯುವ ಕೋಲಿನ, ಮುಖ ಯಾವ ಕಡೆ ನೋಡುತ್ತಿದೆ ಅನ್ನುವುದರಲ್ಲಿ. ಪಟರ್ ಹಿಂದೆ ಹೋಗಿ ಮುಂದೆ ಬರುವ ದಾರಿಗೂ ಪಾಲಿದೆ, ಆದರೆ ಸಣ್ಣ ಪಾಲು. ನಾವು ಮಾತ್ರ ಆ ದಾರಿ ಹಿಡಿದುಕೊಂಡೇ ವಾದ ಮಾಡುತ್ತೇವೆ. ನೇರವಾಗಿ ಹೋಗಬೇಕಾ, ಬಿಲ್ಲಿನ ಹಾಗೆ ಬಾಗಬೇಕಾ? ಎರಡರಲ್ಲೂ ಗೆದ್ದವರಿದ್ದಾರೆ. ಜಪಾನಿನ ಇಸಾವೊ ಆವೊಕಿ ಪಟರ್‌ನ ತಲೆಯ ತುದಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಹೊಡೆಯುತ್ತಿದ್ದರು. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್‌ಗೆ ಯಿಪ್ಸ್ ಕಾಟ ಇತ್ತು. ಹೊಡೆಯುವಾಗ ಕೈ ತಾನಾಗಿ ಅದುರುವುದಕ್ಕೆ ಗಾಲ್ಫ್‌ನಲ್ಲಿ ಹಾಗನ್ನುತ್ತಾರೆ. ಅವರು ಮತ್ತೆ ಮತ್ತೆ ಗ್ರಿಪ್ ಬದಲಿಸಿದರು. ಪಟರ್‌ನ ಹಿಡಿಯನ್ನು ಎಡ ಮುಂಗೈಗೆ ಒತ್ತಿ, ಬಲಗೈಯಲ್ಲಿ ಎರಡನ್ನೂ ಸೇರಿಸಿ ಹಿಡಿದು ಆಡಿದ ಕಾಲವೂ ಇತ್ತು. 1985 ಮತ್ತು 1993ರಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದರು. ಅವರ ಸ್ಟ್ರೋಕನ್ನು ಯಾರೂ ಚೆಂದ ಅನ್ನಲಿಕ್ಕಿಲ್ಲ. ನನಗೆ ಮಾತ್ರ ತುಂಬಾ ಇಷ್ಟ. ತನ್ನ ಕೈ ಯಾವುದನ್ನು ಮತ್ತೆ ಮತ್ತೆ ಒಂದೇ ಥರ ಮಾಡುತ್ತದೆ ಅಂತ ಹುಡುಕುತ್ತಲೇ ಹೋದ ಮನುಷ್ಯ ಅವರು.

ಹಾಗಾದರೆ ಏನು ಮಾಡಬೇಕು? ನಾನು ಹೀಗೆ ಯೋಚನೆ ಮಾಡುತ್ತೇನೆ. ಹೊಡೆದ ಮೇಲೆ ಚೆಂಡು ಉರುಳುವ ಮೊದಲ ಒಂದು ಅಡಿ ಮಾತ್ರ ನಮ್ಮದು. ಆಮೇಲೆ ಇಳಿಜಾರಿದೆ, ಹುಲ್ಲಿದೆ, ಯಾರದೋ ಹೆಜ್ಜೆ ಗುರುತಿದೆ. ಅದಕ್ಕೇ ನಾನು ಪ್ರಾಕ್ಟೀಸ್ ಮಾಡುವುದು ಆ ಒಂದು ಅಡಿಯನ್ನು. ಸಮತಟ್ಟಾದ ಜಾಗ ನೋಡಿ ಚೆಂಡು ಇಡಿ. ಒಂದು ಅಡಿ ಮುಂದೆ ಎರಡು ಟೀ, ಅಂದರೆ ಚೆಂಡು ಕೂರಿಸುವ ಸಣ್ಣ ಗೂಟ, ನೆಟ್ಟು ಒಂದು ಬಾಗಿಲು ಮಾಡಿ. ಬಾಗಿಲು ಚೆಂಡಿಗಿಂತ ಒಂದು ಸೆಂಟಿಮೀಟರ್ ಜಾಸ್ತಿ ಅಗಲ ಇರಲಿ, ಎರಡೂ ಕಡೆ ಅರ್ಧರ್ಧ. ಒಂದು ಅಡಿ ದೂರದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು ಐದು ಮಿಲಿಮೀಟರ್. ಅಂದರೆ ಟೀ ಮುಟ್ಟದೆ ಈ ಬಾಗಿಲು ದಾಟಿದ ಚೆಂಡು ಹತ್ತು ಅಡಿಯ ಪಟ್‌ಗೆ ಬೇಕಾದಷ್ಟು ನೇರ ಹೊರಟಿದೆ ಅಂತ. ಟೈಗರ್ ವುಡ್ಸ್ ಪಟರ್‌ನ ತಲೆಯ ಆಚೆ ಈಚೆ ಎರಡು ಟೀ ನೆಟ್ಟು, ಬಲಗೈ ಒಂದರಲ್ಲೇ ಹೊಡೆಯುತ್ತಾ ಪ್ರಾಕ್ಟೀಸ್ ಮಾಡುವುದನ್ನು ನೀವು ನೋಡಿರಬಹುದು. ಅದೂ ಇದೇ ಜಾತಿಯದು.

ಮೊದಲ ಸಲ ಈ ಬಾಗಿಲು ನೆಟ್ಟ ದಿನ ನನ್ನ ಹತ್ತು ಚೆಂಡುಗಳಲ್ಲಿ ನಾಲ್ಕು ಟೀಗೆ ಬಡಿದವು. ನಾಲ್ಕೂ ಬಲಗಡೆಯ ಟೀಗೇ. ಎಷ್ಟೋ ವರ್ಷದಿಂದ ನಾನು ಗ್ರೀನ್‌ನ ಬ್ರೇಕ್, ಅಂದರೆ ಇಳಿಜಾರಿಗೆ ಚೆಂಡು ಎಷ್ಟು ಬಾಗುತ್ತದೆ ಅನ್ನುವುದನ್ನು, ತಪ್ಪಾಗಿ ಓದುತ್ತಿದ್ದೇನೆ ಅಂದುಕೊಂಡಿದ್ದೆ. ಓದಿದ್ದು ಸರಿಯಾಗೇ ಇತ್ತು. ಪಟರ್‌ನ ಮುಖ ತೆರೆದುಕೊಳ್ಳುತ್ತಿತ್ತು, ಅಂದರೆ ಬಲಕ್ಕೆ ತಿರುಗುತ್ತಿತ್ತು. ಹೊಸ ಪಟರ್ ತಗೊಂಡಿದ್ದರೂ ಅದು ಹಾಗೇ ಉಳಿಯುತ್ತಿತ್ತು. ದಯವಿಟ್ಟು ಅಂಗಡಿಗೆ ಹೋಗುವ ಮೊದಲು ಎರಡು ಟೀ ನೆಟ್ಟು ನೋಡಿ.

ಮುಖ ಯಾಕೆ ತೆರೆಯುತ್ತದೆ, ಯಾಕೆ ಮುಚ್ಚುತ್ತದೆ? ಬಹಳ ಸಲ ಕಾರಣ ಹಿಡಿತ. ಶುರುವಿನಲ್ಲಿ ಹಗುರ, ಚೆಂಡಿನ ಹತ್ತಿರ ಬರುವಾಗ ಬಿಗಿ. ಬಿಗಿ ಮಾಡಿದ ಕೂಡಲೇ ಮಣಿಕಟ್ಟು ತಿರುಗುತ್ತದೆ. ಹಗುರವೋ ಬಿಗಿಯೋ, ಶುರುವಿಂದ ಕೊನೆವರೆಗೂ ಒಂದೇ ಥರ ಇರಲಿ. ಭುಜ ತೂಗಲಿ, ಕೈ ಅದರ ಜೊತೆ ಹೋಗಲಿ. ಇನ್ನು ಲಯ. ಒಳ್ಳೆಯ ಆಟಗಾರರಲ್ಲಿ ಪಟರ್ ಹಿಂದೆ ಹೋಗಲು ಎರಡು ಪಾಲು ಸಮಯ, ಮುಂದೆ ಬಂದು ಚೆಂಡಿಗೆ ತಾಗಲು ಒಂದು ಪಾಲು. ದೂರ ಜಾಸ್ತಿ ಆದರೆ ಸ್ಟ್ರೋಕ್ ಉದ್ದ ಆಗುತ್ತದೆ, ಲಯ ಅದೇ. ನಾವು ಮಾಡುವುದು ಉಲ್ಟಾ. ಪಟರ್ ಸ್ವಲ್ಪವೇ ಹಿಂದೆ ಹೋಗಿರುತ್ತದೆ, ದೂರ ಸಾಲದು ಅಂತ ಕೊನೆಯಲ್ಲಿ ಕುಟ್ಟುತ್ತೇವೆ.

ವೇಗದ ಬಗ್ಗೆ ಒಂದು ಮಾತು. ತಪ್ಪಿದ ಪಟ್ ಹೋಲ್ ದಾಟಿ 17 ಇಂಚು ಹೋಗಿ ನಿಲ್ಲಬೇಕು ಅನ್ನುವುದು ಡೇವ್ ಪೆಲ್ಜ್ ಅವರ ಪ್ರಸಿದ್ಧ ಲೆಕ್ಕ. ನಾಸಾದಲ್ಲಿ ಕೆಲಸ ಮಾಡಿ ಆಮೇಲೆ ಗಾಲ್ಫ್ ಕಲಿಸಲು ಬಂದವರು ಅವರು. ಅವರ ಮೇಲೆ ನನಗೆ ಗೌರವ ಇದೆ. ಆದರೂ ನಮ್ಮಂಥವರಿಗೆ ಒಂದು ಅಡಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಜೋರಾಗಿ ಬರುವ ಚೆಂಡಿಗೆ ಹೋಲ್ ಚಿಕ್ಕದಾಗುತ್ತದೆ, ಅಂಚು ಅದನ್ನು ಆಚೆ ತಳ್ಳುತ್ತದೆ. ಮೆಲ್ಲಗೆ ಬರುವ ಚೆಂಡು ಯಾವ ಅಂಚಿನಿಂದ ಬೇಕಾದರೂ ಒಳಗೆ ಬೀಳುತ್ತದೆ.

ಕೊನೆಗೆ, ಐದಾರು ಚೆಂಡು ಸುರಿದುಕೊಂಡು ಒಂದೇ ಜಾಗದಿಂದ ಸುಮ್ನೆ ಹೊಡೆಯುತ್ತಾ ಇರಬೇಡಿ. ಮೂರನೇ ಚೆಂಡಿನ ಹೊತ್ತಿಗೆ ಎಲ್ಲರೂ ಸರಿಯಾಗೇ ಹೊಡೆಯುತ್ತಾರೆ. ಆಟದಲ್ಲಿ ಮೂರನೇ ಚೆಂಡು ಎಲ್ಲಿದೆ? ಟೀ ಬಾಗಿಲಿನ ಪ್ರಾಕ್ಟೀಸ್ ಆದ ಮೇಲೆ ಉಳಿದ ಚೆಂಡುಗಳನ್ನು ಚೀಲಕ್ಕೆ ಹಾಕಿ, ಒಂದನ್ನು ಮಾತ್ರ ಇಟ್ಟುಕೊಳ್ಳಿ. ಹೋಲ್‌ನ ಸುತ್ತ ಮೂರು ಅಡಿ ದೂರದಲ್ಲಿ ನಾಲ್ಕು ಕಡೆಯಿಂದ ಹಾಕಿ. ಒಂದು ಕಡೆ ಏರು ಇರುತ್ತದೆ, ಇನ್ನೊಂದು ಕಡೆ ಇಳಿಜಾರು. ಪ್ರತಿ ಸಲವೂ ಹಿಂದೆ ನಿಂತು ಲೈನ್ ನೋಡಿ, ಆಮೇಲೆ ಬಂದು ನಿಲ್ಲಿ. ನಡುವೆ ಮನಸ್ಸಿಗೆ ಏನಾದರೂ ಅಡ್ಡ ಬಂತಾ? ಸ್ಯಾಂಡರ್ಸ್ ಅವರನ್ನು ನೆನಪಿಸಿಕೊಂಡು ಹಿಂದೆ ಸರಿಯಿರಿ, ಮೊದಲಿಂದ ಶುರು ಮಾಡಿ. ಒಂದು ತಪ್ಪಿದರೆ ಮತ್ತೆ ಒಂದರಿಂದ ಎಣಿಸಿ. ಹೊಡೆದ ಮೇಲೆ ತಲೆ ಎತ್ತಬೇಡಿ, ಚೆಂಡು ಇದ್ದ ಹುಲ್ಲನ್ನೇ ನೋಡುತ್ತಿರಿ. ಮೂರು ಅಡಿ ತಾನೇ, ಬಿದ್ದರೆ ಸದ್ದು ಕೇಳುತ್ತದೆ.